ಕಾಫಿ ನಿಂತರೆ ನಿಲ್ಲಲಿ, ವಾಲ್ವ್‌ಗೆ ತಂತಿ ಬೇಡ

ನಮ್ಮ ರಾಣೆಬೆನ್ನೂರು ಸೀಮೆಯ ಮದುವೆಗಳಲ್ಲಿ ಊಟದ ಪಂಕ್ತಿಗಿಂತ ಮೊದಲು ಜನ ಮುತ್ತುವುದು ಕಾಫಿ ಮೇಜನ್ನು. ಪೆಂಡಾಲಿನ ಮೂಲೆಯಲ್ಲಿ ಥಳಥಳ ಹೊಳೆಯುವ ದುಂಡನೆಯ ಮಷಿನ್, ಅದರ ಕೆಳಗೆ ಗ್ಯಾಸಿನ ಉರಿ, ಪಕ್ಕದಲ್ಲಿ ಇಳಿಬಿಟ್ಟ ಸಣ್ಣ ಕೊಳವೆ. ಹಾಲಿನ ಜಗ್ಗನ್ನು ಆ ಕೊಳವೆಗೆ ಹಿಡಿದು ನಲ್ಲಿ ತಿರುವಿದರೆ 'ಸುಂಯ್' ಎಂಬ ಸದ್ದು. ಅರ್ಧ ನಿಮಿಷದಲ್ಲಿ ಜಗ್ಗಿನ ತುಂಬ ನೊರೆ. ಕಪ್ಪಿಗೆ ಸುರಿದು ಮೇಲೊಂದು ಚಿಟಿಕೆ ಕಾಫಿಪುಡಿ ಉದುರಿಸಿದರೆ 'ಎಕ್ಸ್‌ಪ್ರೆಸ್ ಕಾಫಿ' ರೆಡಿ. ಮಕ್ಕಳು ಕಾಫಿ ಕುಡಿಯಲಿ, ಬಿಡಲಿ, ಆ ಸದ್ದು ಕೇಳಲು, ನೊರೆಯ ಮೀಸೆ ಬರೆಸಿಕೊಳ್ಳಲು ಮಷಿನ್ ಸುತ್ತಲೇ ನಿಂತಿರುತ್ತಾರೆ.

ಆ ಮಕ್ಕಳು ಒಂದು ಬಾಯ್ಲರ್‌ನಿಂದ ಎರಡು ಅಡಿ ದೂರದಲ್ಲಿ ನಿಂತಿದ್ದಾರೆ ಎಂಬುದು ಬಹಳ ಜನಕ್ಕೆ ಹೊಳೆಯುವುದಿಲ್ಲ.

ನಾನು ಮೇಡ್ಲೇರಿಯವನು, ಬಿಇ ಮೆಕ್ಯಾನಿಕಲ್ ಮೂರನೇ ವರ್ಷ. ನನ್ನ ಸೋದರಮಾವ ಮದುವೆ, ಗೃಹಪ್ರವೇಶ, ಜಾತ್ರೆಗಳಿಗೆ ಕಾಫಿ-ಚಹಾ ಗುತ್ತಿಗೆ ಹಿಡಿಯುತ್ತಾರೆ. ಎರಡು ವರ್ಷದ ಹಿಂದೆ ಬೇರೆ ಊರಿನಿಂದ ಒಂದು ಹಳೆಯ ಮಷಿನ್ ತಂದರು. ಹೆಸರಿನ ತಗಡು ಉಜ್ಜಿ ಉಜ್ಜಿ ಅಳಿಸಿಹೋಗಿತ್ತು. ಹೊರಗೆ ಹಿತ್ತಾಳೆಯ ಹೊದಿಕೆ, ಒಳಗೆ ತಾಮ್ರದ ಬಾಯ್ಲರ್. 'ಇಂಜಿನಿಯರ್ ಅಳಿಯಾ ಅದಾನಲ್ಲ, ರಿಪೇರಿ ಅವಂದ' ಎಂದು ಮಾಮಾ ತೀರ್ಮಾನ ಕೊಟ್ಟುಬಿಟ್ಟರು. ಅಂದಿನಿಂದ ರಜೆಗೆ ಊರಿಗೆ ಬಂದಾಗಲೆಲ್ಲ ಸ್ಪ್ಯಾನರ್ ಹಿಡಿಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಆ ಕೆಲಸದಲ್ಲಿ ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕಾಫಿ ಮಾಡುವವರಿಗೂ ಕುಡಿಯುವವರಿಗೂ ಉಪಯೋಗವಾದೀತು.

ಇಟಲಿಯಿಂದ ಪೆಂಡಾಲಿಗೆ

ನಾವು 'ಎಕ್ಸ್‌ಪ್ರೆಸ್' ಎನ್ನುವ ಹೆಸರಿನ ಮೂಲ ಇಟಲಿಯ 'ಎಸ್ಪ್ರೆಸ್ಸೊ'. 1884ರಲ್ಲಿ ಟ್ಯೂರಿನ್ ನಗರದ ಆಂಜೆಲೊ ಮೊರಿಯೊಂಡೊ ಎಂಬಾತ ಉಗಿಯ ಬಲದಿಂದ ಬೇಗ ಬೇಗ ಕಾಫಿ ಇಳಿಸುವ ಯಂತ್ರಕ್ಕೆ ಪೇಟೆಂಟ್ ಪಡೆದ. 1901ರಲ್ಲಿ ಮಿಲಾನ್‌ನ ಲುಯಿಜಿ ಬೆಜ್ಜೆರಾ ಒಬ್ಬೊಬ್ಬರಿಗೆ ಒಂದೊಂದು ಕಪ್ ಇಳಿಸುವಂತೆ ಅದನ್ನು ಬದಲಿಸಿದ. ಆ ಕಾಲದ ಯಂತ್ರಗಳ ಚಿತ್ರ ನೋಡಿದರೆ ನಮ್ಮ ಮದುವೆ ಮನೆಯ ಮಷಿನ್ನಿನ ಅಜ್ಜನನ್ನು ನೋಡಿದ ಹಾಗೆಯೇ ಆಗುತ್ತದೆ. ನೆಟ್ಟಗೆ ನಿಂತ ದುಂಡು ಬಾಯ್ಲರ್, ಕೆಳಗೆ ಬೆಂಕಿ, ಮೇಲೆ ಗುಮ್ಮಟದಂಥ ಮುಚ್ಚಳ, ಪಕ್ಕದಲ್ಲಿ ನಲ್ಲಿಗಳು.

ಆದರೆ ಬರೀ ಉಗಿಯ ಒತ್ತಡ ಒಂದೂವರೆ, ಎರಡು ಬಾರ್ ದಾಟುವುದು ಕಷ್ಟ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಕಿಲ್ಲೆ ಗಾಜಿಯಾ ಎಂಬಾತ ಸನ್ನೆಕೋಲು ಮತ್ತು ಸ್ಪ್ರಿಂಗ್ ಬಳಸಿ ನೀರನ್ನು ಬಹಳ ಹೆಚ್ಚಿನ ಒತ್ತಡದಲ್ಲಿ ಕಾಫಿಪುಡಿಯ ಮೂಲಕ ತಳ್ಳುವ ಯಂತ್ರ ತಂದ. ಕಪ್ಪಿನ ಮೇಲೆ ಕಂದು ಬಣ್ಣದ ಕೆನೆ ಕಟ್ಟತೊಡಗಿದ್ದು ಆಗಲೇ. 1961ರಲ್ಲಿ ಫಾಯೆಮಾ ಕಂಪನಿಯ ಇ-61 ಮಷಿನ್ ಆ ಕೆಲಸವನ್ನು ವಿದ್ಯುತ್ ಪಂಪಿಗೆ ವಹಿಸಿತು. ಇಂದು ಎಸ್ಪ್ರೆಸ್ಸೊ ಎಂದರೆ ಸುಮಾರು 9 ಬಾರ್ ಒತ್ತಡ, ಕುದಿಯಲು ಸ್ವಲ್ಪ ಕಡಿಮೆ ಇರುವ ಬಿಸಿನೀರು, ಅರ್ಧ ನಿಮಿಷದೊಳಗೆ ಇಳಿಯುವ ಗಟ್ಟಿ ಡಿಕಾಕ್ಷನ್.

ಹಾಗೆ ನೋಡಿದರೆ ನಮ್ಮ ಮದುವೆ ಮಷಿನ್ ಕಾಫಿ ಇಳಿಸುವುದೇ ಇಲ್ಲ. ಅದು ಉಗಿ ಕೊಡುತ್ತದೆ, ಬಿಸಿನೀರು ಕೊಡುತ್ತದೆ, ಅಷ್ಟೆ. ಕಪ್ಪಿನಲ್ಲಿರುವುದು ಸಕ್ಕರೆಯ ಜೊತೆ ಕಲಸಿದ ಇನ್‌ಸ್ಟಂಟ್ ಪುಡಿ. ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟು ಬೆಳೆಯುವುದು ನಮ್ಮ ಕರ್ನಾಟಕದಲ್ಲಿ. ಅದನ್ನು ಹೆಚ್ಚಾಗಿ ಕೊಳ್ಳುವ ದೇಶಗಳಲ್ಲಿ ಇಟಲಿ ಮುಂಚೂಣಿಯಲ್ಲಿದೆ. ನಮ್ಮ ರೊಬಸ್ಟಾ ಅಲ್ಲಿ ಎಸ್ಪ್ರೆಸ್ಸೊದ ಕೆನೆಯಾಗುತ್ತದೆ, ಇಲ್ಲಿ ನಾವು ಹಾಲಿನ ನೊರೆಗೇ ಎಸ್ಪ್ರೆಸ್ಸೊ ಎಂದು ಹೆಸರಿಟ್ಟು ಖುಷಿಪಡುತ್ತೇವೆ. ಅದರಲ್ಲೇನೂ ತಪ್ಪಿಲ್ಲ. ನೂರಿಪ್ಪತ್ತು ವರ್ಷದ ಹಿಂದಿನ ಇಟಲಿ ಮಷಿನ್ನಿಗೂ ನಮ್ಮದಕ್ಕೂ ಉಳಿದಿರುವ ನಿಜವಾದ ನೆಂಟಸ್ತಿಕೆ ಎಂದರೆ ಆ ಬಾಯ್ಲರ್. ನೋಡಿಕೊಳ್ಳಬೇಕಾದದ್ದೂ ಅದನ್ನೇ.

ಮುಚ್ಚಳದಡಿಯ ತಂತಿ

ಮಷಿನ್ ಮನೆಗೆ ಬಂದಾಗ ಮಾಮಾ ಹೇಳಿದ ದೂರುಗಳು ನಾಲ್ಕು. ಉಗಿ ಏಳಲು ಮುಕ್ಕಾಲು ಗಂಟೆ ಬೇಕು. ಸ್ಟೀಮ್ ಪೈಪಿನಿಂದ ಉಗಿ ಸೊರಗಿ ಬರುತ್ತದೆ. ನಲ್ಲಿಯ ಬುಡದಲ್ಲಿ ತೊಟ್ಟಿಕ್ಕುತ್ತದೆ. ಬೆಂಕಿ ಆರಿಸಿದ ಮೇಲೂ ಒತ್ತಡ ತೋರಿಸುವ ಮುಳ್ಳು ಸೊನ್ನೆಗೆ ಇಳಿಯುವುದಿಲ್ಲ.

ಐದನೆಯದನ್ನು ಯಾರೂ ಹೇಳಿರಲಿಲ್ಲ. ಮೇಲಿನ ಗುಮ್ಮಟ ಬಿಚ್ಚಿದಾಗ ಅದು ಕಂಡಿತು. ಸೇಫ್ಟಿ ವಾಲ್ವನ್ನು ಪೆಂಡಾಲ್ ಕಟ್ಟುವ ಕಬ್ಬಿಣದ ತಂತಿಯಿಂದ ಬಿಗಿಯಾಗಿ ಸುತ್ತಿ, ಇಕ್ಕಳದಿಂದ ತಿರುಚಿ, ಏಳದ ಹಾಗೆ ಮಾಡಿದ್ದರು. ತಂತಿಗೆ ತುಕ್ಕು ಹಿಡಿದಿತ್ತು. ಎಂದರೆ ಅದು ನಿನ್ನೆ ಮೊನ್ನೆ ಕಟ್ಟಿದ್ದಲ್ಲ. ಎಷ್ಟು ಮದುವೆಗಳಲ್ಲಿ ಆ ಮಷಿನ್ ಹಾಗೆಯೇ ಉರಿದಿತ್ತೋ!

'ಮಾಮಾ, ಇದನ್ಯಾಕ ಕಟ್ಟ್ಯಾರ?' ಎಂದೆ.

'ಸುಮ್‌ಸುಮ್ನ ಉಗಿ ಬಿಡತಿತ್ತಂತ. ಉಗಿ ಹೋದ್ರ ನೊರಿ ಬರಂಗಿಲ್ಲ, ನೊರಿ ಬರಲಿಲ್ಲಂದ್ರ ಬೀಗರು ಬೈತಾರ. ಅದಕ್ಕ ಕಟ್ಟಿರಬೇಕು' ಎಂದರು.

ಯಾರೋ ಒಬ್ಬರು ಕೆಟ್ಟ ಮನಸ್ಸಿನಿಂದ ಮಾಡಿದ ಕೆಲಸ ಅದಾಗಿರಲಿಲ್ಲ. ಕಾಫಿ ನಿಲ್ಲಬಾರದು ಎಂಬ ಒಂದೇ ಅವಸರದಲ್ಲಿ ಕಟ್ಟಿದ ತಂತಿ. ಅದಕ್ಕೇ ಅದು ಹೆಚ್ಚು ಅಪಾಯದ್ದು. ಇಂಥ ಅವಸರ ಯಾವ ಕಾಫಿ ಮೇಜಿನ ಹಿಂದೆಯೂ ಇರುತ್ತದೆ.

ಮುಚ್ಚಳದ ಮೇಲೆ ಹತ್ತು ಚೀಲ ಮೆಕ್ಕೆಜೋಳ

ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ, ಎಷ್ಟೇ ಉರಿ ಹಾಕಿದರೂ ಅದಕ್ಕಿಂತ ಮೇಲೆ ಏರುವುದಿಲ್ಲ. ಮುಚ್ಚಿದ ಬಾಯ್ಲರ್‌ನಲ್ಲಿ ಹಾಗಲ್ಲ. ಹೊರಗಿನ ಗಾಳಿಗಿಂತ 1 ಬಾರ್ ಹೆಚ್ಚು ಒತ್ತಡವಿದ್ದರೆ ನೀರು ಸುಮಾರು 120 ಡಿಗ್ರಿಯಲ್ಲಿರುತ್ತದೆ. 2 ಬಾರ್ ಎಂದರೆ 133 ಡಿಗ್ರಿ. ಪರೀಕ್ಷೆಗೆ ನಾವು ಒಯ್ಯುವ ಸ್ಟೀಮ್ ಟೇಬಲ್ ಪುಸ್ತಕದಲ್ಲಿ ಇವೆಲ್ಲ ಸಾಲು ಸಾಲಾಗಿ ಇವೆ.

1 ಬಾರ್ ಎಂದರೆ ಒಂದು ಚದರ ಸೆಂಟಿಮೀಟರಿನ ಮೇಲೆ ಹೆಚ್ಚೂಕಡಿಮೆ ಒಂದು ಕಿಲೊ ಭಾರ. ಕೇಳಲು ಅಲ್ಪ ಎನಿಸುತ್ತದೆ. ನಮ್ಮ ಮಷಿನ್ನಿನ ಬಾಯ್ಲರ್ 25 ಸೆಂಟಿಮೀಟರ್ ಅಗಲ. ಅದರ ಮೇಲಿನ ತಟ್ಟೆಯ ವಿಸ್ತೀರ್ಣ ಸುಮಾರು 490 ಚದರ ಸೆಂಟಿಮೀಟರ್. ಅಂದರೆ 1 ಬಾರ್‌ನಲ್ಲಿ ಆ ತಟ್ಟೆಯನ್ನು ಮೇಲಕ್ಕೆ ಒದೆಯುವ ಬಲ 500 ಕಿಲೊ. 50 ಕಿಲೊದ ಮೆಕ್ಕೆಜೋಳದ ಚೀಲ ಹತ್ತು. 2 ಬಾರ್ ಆದರೆ ಇಪ್ಪತ್ತು ಚೀಲ. ಈ ಲೆಕ್ಕವನ್ನು ಹಾಳೆಯ ಮೇಲೆ ಬರೆದು ತೋರಿಸಿದಾಗ ಮಾಮಾ ಮಾತಾಡಲಿಲ್ಲ. ಹಮಾಲಿ ಕೆಲಸ ಮಾಡಿ ಚೀಲ ಹೊತ್ತವರು ಅವರು, ಇಪ್ಪತ್ತು ಚೀಲ ಎಂದರೆ ಏನೆಂದು ನನಗಿಂತ ಚೆನ್ನಾಗಿ ಗೊತ್ತು.

ಬಾಯ್ಲರ್ ಬಿರಿದರೆ ಆಗುವ ಅನಾಹುತ ಬರೀ ಉಗಿಯದಲ್ಲ, ಬಿಸಿನೀರಿನದೂ ಹೌದು. 120 ಡಿಗ್ರಿಯ ನೀರು ಒತ್ತಡದ ಹಿಡಿತದಲ್ಲಿ ನೀರಾಗಿ ಕೂತಿರುತ್ತದೆ. ಎಲ್ಲಾದರೂ ಬಿರುಕು ಬಿಟ್ಟು ಒತ್ತಡ ತಟ್ಟನೆ ಇಳಿದರೆ ಅದರಲ್ಲಿ ಒಂದು ಪಾಲು ಆ ಕ್ಷಣದಲ್ಲೇ ಉಗಿಯಾಗುತ್ತದೆ. ಲೆಕ್ಕ ಹಾಕಿದರೆ 10 ಲೀಟರಿನಲ್ಲಿ ಸುಮಾರು 375 ಗ್ರಾಂ. ಅಷ್ಟೇ ನೀರು ಉಗಿಯಾಗಿ ಹಿಗ್ಗಿದಾಗ 600 ಲೀಟರಿಗೂ ಹೆಚ್ಚು ಜಾಗ ಬೇಡುತ್ತದೆ. ಮೂರು ದೊಡ್ಡ ಬ್ಯಾರಲ್ಲಿನಷ್ಟು ಉಗಿ ಕಣ್ಣು ಮಿಟುಕಿಸುವಷ್ಟರಲ್ಲಿ, ಜೊತೆಗೆ ಉಳಿದ ಕುದಿನೀರು, ತಾಮ್ರದ ಚೂರು.

ಇದನ್ನು ತಡೆಯಲಿಕ್ಕೆಂದೇ ಇರುವುದು ಸೇಫ್ಟಿ ವಾಲ್ವ್. 1679ರಲ್ಲಿ ಫ್ರೆಂಚ್ ವಿಜ್ಞಾನಿ ಡೆನಿ ಪಾಪಿನ್ ಲಂಡನ್ನಿನಲ್ಲಿ ಎಲುಬನ್ನೂ ಬೇಯಿಸುವ ಮುಚ್ಚಿದ ಪಾತ್ರೆ ತೋರಿಸಿದ. ಒತ್ತಡ ಮಿತಿ ಮೀರಿದರೆ ತಾನಾಗಿ ಎದ್ದು ಉಗಿ ಬಿಡುವ ವಾಲ್ವನ್ನೂ ಅವನೇ ಅದಕ್ಕೆ ಜೋಡಿಸಿದ. ನಮ್ಮ ಮನೆಯ ಕುಕ್ಕರ್ ಸೀಟಿ ಅದರ ವಂಶದ್ದೇ. ಕುಕ್ಕರಿನ ಸೀಟಿಯನ್ನು ತಂತಿಯಿಂದ ಕಟ್ಟಿ ಒಲೆಯ ಮೇಲಿಡುವವರು ಯಾರಾದರೂ ಇದ್ದಾರೆಯೇ? ಕಾಫಿ ಮಷಿನ್ನಿಗೆ ಮಾತ್ರ ಯಾಕೆ ಆ ಧೈರ್ಯ?

ರೋಗ ಇದ್ದದ್ದು ನೀರಿನಲ್ಲಿ

ತಂತಿ ಕತ್ತರಿಸಿ ಬಿಸಾಡುವುದು ಸುಲಭ. ಆದರೆ ವಾಲ್ವ್ 'ಸುಮ್‌ಸುಮ್ನ' ಉಗಿ ಬಿಡುತ್ತಿದ್ದುದೇಕೆ ಎಂದು ತಿಳಿಯದಿದ್ದರೆ ಮುಂದಿನ ಮದುವೆಯಲ್ಲಿ ಇನ್ನೊಂದು ತಂತಿ ಬಂದು ಕೂರುತ್ತದೆ. ವಾಲ್ವ್ ಬಿಚ್ಚಿ ನೋಡಿದೆ. ಅದು ಕೂರುವ ಜಾಗದಲ್ಲಿ ರವೆಯಂಥ ಬಿಳಿ ಹರಳುಗಳು. ಅವು ನಡುವೆ ಸಿಕ್ಕಿಕೊಂಡಿದ್ದರಿಂದ ವಾಲ್ವ್ ಪೂರ್ತಿ ಮುಚ್ಚುತ್ತಿರಲಿಲ್ಲ. ಅದಕ್ಕೇ ಸೋರಿಕೆ.

ಟಾರ್ಚ್ ಹಿಡಿದು ಬಾಯ್ಲರ್ ಒಳಗೆ ನೋಡಿದರೆ ತಳದ ತುಂಬ ಅದೇ ಬಿಳಿ ಪದರ, ಕೆಲವು ಕಡೆ ರೊಟ್ಟಿಯಷ್ಟು ದಪ್ಪ. ಉಗಿ ಏಳಲು ಮುಕ್ಕಾಲು ಗಂಟೆ ಬೇಕಾದ ಗುಟ್ಟೂ ಅಲ್ಲೇ ಇತ್ತು. ತಾಮ್ರ ಬಿಸಿಯನ್ನು ಎಷ್ಟು ಬೇಗ ದಾಟಿಸುತ್ತದೋ ಈ ಸುಣ್ಣದ ಪದರ ಅದರ ನೂರನೇ ಒಂದು ಪಾಲೂ ದಾಟಿಸುವುದಿಲ್ಲ. ಕೆಳಗಿನ ಉರಿ ತಾಮ್ರವನ್ನು ಕಾಯಿಸುತ್ತದೆ, ನೀರಿಗೆ ತಲುಪುವುದಿಲ್ಲ. ಬೇಗ ಆಗಲೆಂದು ಉರಿ ಹೆಚ್ಚಿಸಿದರೆ ತಳದ ಲೋಹ ಇನ್ನಷ್ಟು ಕಾದು ಬೆಸುಗೆ ಸಡಿಲವಾಗುತ್ತದೆ. ಒತ್ತಡ ತೋರಿಸುವ ಗೇಜಿಗೆ ಹೋಗುವ ಸಣ್ಣ ನಳಿಕೆಯಲ್ಲೂ ಅದೇ ಸುಣ್ಣ ಕಟ್ಟಿಕೊಂಡಿತ್ತು.

ಅಂದರೆ ತಡವಾಗಿ ಏಳುವ ಉಗಿ, ಸೋರುವ ವಾಲ್ವ್, ಇಳಿಯದ ಮುಳ್ಳು ಇವೆಲ್ಲ ಒಂದೇ ರೋಗದ ಬೇರೆ ಬೇರೆ ಲಕ್ಷಣಗಳು. ರೋಗ ಇದ್ದದ್ದು ನೀರಿನಲ್ಲಿ.

ನಮ್ಮ ಭಾಗದ ಬೋರ್‌ವೆಲ್ ನೀರಿನ ಗುಣ ಎಲ್ಲರಿಗೂ ಗೊತ್ತು. ಸೋಪು ನೊರೆ ಕೊಡುವುದಿಲ್ಲ, ಬೇಳೆ ಬೇಯುವುದಿಲ್ಲ, ಒಣಗಿದ ಕೊಡದ ಮೇಲೆ ಬಿಳಿ ಗೆರೆ. ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಾದಾಗ ಒಡೆದು ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ, ಅಂದರೆ ಸುಣ್ಣದ ಕಲ್ಲಿನ ದ್ರವ್ಯವೇ. ನೀರು ಉಗಿಯಾಗಿ ಹಾರಿಹೋಗುತ್ತದೆ, ಕಲ್ಲು ಒಳಗೇ ಉಳಿಯುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಲೀಟರಿಗೆ 200 ಮಿಲಿಗ್ರಾಂ ಗಡಸುತನ ಒಪ್ಪಿತ, ಬೇರೆ ನೀರು ಸಿಗದಿದ್ದರೆ 600ರವರೆಗೆ ಪರವಾಗಿಲ್ಲ ಎಂದಿದೆ. 600 ಎಂದೇ ಹಿಡಿಯಿರಿ. ದಿನಕ್ಕೆ 10 ಲೀಟರ್ ನೀರು ಉಗಿಯಾದರೆ 6 ಗ್ರಾಂ. ಸೀಜನ್ನಿನಲ್ಲಿ 40 ದಿನ ಕೆಲಸವಾದರೆ 240 ಗ್ರಾಂ. ಹೊಟ್ಟೆಯಲ್ಲಿ ವರ್ಷಕ್ಕೆ ಕಾಲು ಕಿಲೊ ಕಲ್ಲು ಬೆಳೆಸಿಕೊಂಡ ಮಷಿನ್ ನರಳದೆ ಇನ್ನೇನು ಮಾಡೀತು?

ಬಿಚ್ಚಿದ್ದು, ತೊಳೆದದ್ದು, ಒತ್ತಿ ನೋಡಿದ್ದು

ಸುಣ್ಣ ತೆಗೆಯಲು ಉಳಿ ಸುತ್ತಿಗೆ ಬೇಕಾಗಿಲ್ಲ. ಸಿಟ್ರಿಕ್ ಆಮ್ಲ, ಅಂದರೆ ಕಿರಾಣಿ ಅಂಗಡಿಯ ಲಿಂಬಿ ಉಪ್ಪು ಸಾಕು. ಲೀಟರ್ ಬಿಸಿನೀರಿಗೆ 30 ಗ್ರಾಂ ಹಾಕಿ, ಮೇಲಿನ ಬಾಯಿ ತೆರೆದೇ ಇಟ್ಟು, ಬೆಂಕಿ ಹಚ್ಚದೆ ರಾತ್ರಿಯಿಡೀ ಬಿಟ್ಟೆವು. ಸೋಡಾ ಬಾಟಲಿಯಂತೆ ಗುಳ್ಳೆ ಎದ್ದವು. ಬೆಳಿಗ್ಗೆ ಹೊರಗೆ ಚೆಲ್ಲಿದ ನೀರು ಹಾಲಿನಂತಿತ್ತು. ನಮ್ಮ ಮಷಿನ್ನಿಗೆ ಮೂರು ರಾತ್ರಿ ಬೇಕಾಯಿತು. ಆಮೇಲೆ ಐದಾರು ಸಲ ಒಳ್ಳೆಯ ನೀರಿನಿಂದ ಜಾಲಿಸಬೇಕು. ಹುಳಿ ಉಳಿದರೆ ಲೋಹಕ್ಕೂ ಕೇಡು, ಹಾಲೂ ಒಡೆದೀತು.

ಸುಣ್ಣ ಹೋದ ಮೇಲೆ ಅಲ್ಲಲ್ಲಿ ಕೆಂಪು ತಾಮ್ರ ಇಣುಕುತ್ತಿತ್ತು. ಒಳಗಿನ ಕಲಾಯಿ ಸವೆದಿತ್ತು. ಹಿಂದೆಲ್ಲ ಓಣಿಗಳಲ್ಲಿ 'ಕಲಾಯೀ...' ಎಂದು ಕೂಗುತ್ತ ಬರುತ್ತಿದ್ದವರು ತಾಮ್ರ ಹಿತ್ತಾಳೆಯ ಪಾತ್ರೆಗಳಿಗೆ ತವರ ಸವರಿ ಕೊಡುತ್ತಿದ್ದರಲ್ಲ, ಅದೇ ಕಲಾಯಿ. ಬರಿಯ ತಾಮ್ರಕ್ಕೆ ಹಸಿರು ಕಿಲುಬು ಹಿಡಿದರೆ ಅದು ಹೊಟ್ಟೆಗೆ ಒಳ್ಳೆಯದಲ್ಲ. ಈಗ ಕಲಾಯಿ ಹಾಕುವವರು ಕಡಿಮೆ. ಹುಡುಕಿ ರಾಣೆಬೆನ್ನೂರಿನಲ್ಲಿ ಒಬ್ಬ ಹಿರಿಯರ ಹತ್ತಿರ ಹಾಕಿಸಿದೆವು.

ನಲ್ಲಿಯ ಬುಡದ ಸೋರಿಕೆಗೆ ನಲ್ಲಿ ಬದಲಿಸಬೇಕಾಗಿಲ್ಲ. ತಿರುಗುವ ಕಡ್ಡಿಯ ಸುತ್ತ ಒಂದು ಗ್ರಾಫೈಟ್ ದಾರ ಸುತ್ತಿರುತ್ತಾರೆ. ಅದು ಸವೆದಿರುತ್ತದೆ, ಅಷ್ಟೆ. ಹಳೆಯದನ್ನು ಸೂಜಿಯಿಂದ ಕೆದರಿ ತೆಗೆದು ಹೊಸ ದಾರ ಸುತ್ತಿ ನಟ್ಟನ್ನು ಮೆತ್ತಗೆ ಬಿಗಿದರೆ ಮುಗಿಯಿತು. ಜೋರಾಗಿ ಬಿಗಿದರೆ ನಲ್ಲಿ ತಿರುಗುವುದೇ ಇಲ್ಲ.

ಗೇಜನ್ನು ಪರೀಕ್ಷಿಸಿದ್ದು ಪಂಕ್ಚರ್ ಅಂಗಡಿಯಲ್ಲಿ. ಕಂಪ್ರೆಸರ್ ಪೈಪಿಗೆ ಅವರ ಗೇಜ್ ಮತ್ತು ನಮ್ಮ ಗೇಜ್ ಎರಡನ್ನೂ ಜೋಡಿಸಿ ಗಾಳಿ ಬಿಟ್ಟೆವು. ಅವರದು 2 ಬಾರ್ ಎಂದಾಗ ನಮ್ಮದು ಒಂದೂವರೆಯನ್ನೂ ತೋರಿಸಲಿಲ್ಲ. ತಂತಿ ಕಟ್ಟಿದ ವಾಲ್ವ್, ಜೊತೆಗೆ ಕಡಿಮೆ ತೋರಿಸುವ ಗೇಜ್. ಕಣ್ಣೂ ಕಟ್ಟಿ ಬಾಯೂ ಕಟ್ಟಿದಂತೆ. ಹಳೆಯದನ್ನು ಅಲ್ಲೇ ಬಿಟ್ಟು ಹೊಸ ಗೇಜ್, ಒಂದೂವರೆ ಬಾರ್‌ಗೆ ಏಳುವ ಹೊಸ ಸೇಫ್ಟಿ ವಾಲ್ವ್ ತಂದೆವು.

ಎಲ್ಲಕ್ಕಿಂತ ಮುಖ್ಯವಾದದ್ದು ಬಾಯ್ಲರಿನ ಗಟ್ಟಿತನದ ಪರೀಕ್ಷೆ. ಇದನ್ನು ಉಗಿಯಿಂದಾಗಲಿ ಗಾಳಿಯಿಂದಾಗಲಿ ಮಾಡಬಾರದು, ತಣ್ಣೀರಿನಿಂದಲೇ ಮಾಡಬೇಕು. ಗಾಳಿ, ಉಗಿ ಸ್ಪ್ರಿಂಗ್ ಇದ್ದಂತೆ, ಕುಗ್ಗಿಸಿ ಇಟ್ಟರೆ ಸಿಡಿಯುತ್ತವೆ. ನೀರು ಕುಗ್ಗುವುದು ತೀರ ಕಡಿಮೆ. ಬಿರುಕಿದ್ದರೆ ಒಂದು ಹನಿ ಜಿನುಗಿ ಒತ್ತಡ ಇಳಿದುಬಿಡುತ್ತದೆ. ದೊಡ್ಡ ಬಾಯ್ಲರ್‌ಗಳನ್ನು ಕೆಲಸದ ಒತ್ತಡದ ಒಂದೂವರೆ ಪಟ್ಟಿಗೆ ಹೀಗೆ ಪರೀಕ್ಷಿಸುತ್ತಾರೆಂದು ಪಾಠದಲ್ಲಿ ಓದಿದ್ದೆ. ನಾವು ವಾಲ್ವ್ ಏಳುವ ಒತ್ತಡದ ಒಂದೂವರೆ ಪಟ್ಟು, ಅಂದರೆ ಎರಡೂಕಾಲು ಬಾರ್ ಎಂದು ಇಟ್ಟುಕೊಂಡೆವು. ಪರಿಚಯದ ಲೇತ್ ಅಂಗಡಿಯಲ್ಲಿ, ಅನುಭವಿ ಮೇಸ್ತ್ರಿಯ ಎದುರು, ವಾಲ್ವ್ ಇರುವ ಜಾಗಕ್ಕೆ ಬಿರಡೆ ಹಾಕಿ ಗಾಳಿ ಒಂದಿಷ್ಟೂ ಉಳಿಯದಂತೆ ನೀರು ತುಂಬಿದೆವು. ಒತ್ತಡ ಕೊಡಲು ಹತ್ತಿಗೆ ಔಷಧ ಹೊಡೆಯುವ ಹೊಸ ಕೈಪಂಪು ಸಾಕಾಯಿತು.

ಎರಡು ಬಾರ್ ಹತ್ತಿರ ಬಂದಾಗ ತಳದ ಬೆಸುಗೆಯಲ್ಲಿ ಒಂದು ಹನಿ ಮೂಡಿತು. ಒರೆಸಿದೆವು, ಮತ್ತೆ ಮೂಡಿತು. ಕೂದಲೆಳೆಯಂಥ ಬಿರುಕು. ಮೇಲೆ ಕಟ್ಟಿದ ವಾಲ್ವ್, ಕೆಳಗೆ ಬಿರುಕುಬಿಟ್ಟ ಬೆಸುಗೆ, ನಡುವೆ ಕುದಿನೀರು, ಸುತ್ತ ಮದುವೆಗೆ ಬಂದ ಮಕ್ಕಳು. ಮೇಸ್ತ್ರಿ ಆ ಹನಿಯನ್ನು ಬೆರಳಿನಿಂದ ಒರೆಸಿ ಮಾಮಾನ ಮುಖ ನೋಡಿದರು. 'ಇದು ಇವತ್ತ ಕಣ್ಣಿಗೆ ಬಿತ್ತು, ನಿಮ್ಮ ಪುಣ್ಯೇವು' ಎಂದಷ್ಟೇ ಹೇಳಿದರು. ಹಳೆಯ ಬೆಸುಗೆ ಪೂರ್ತಿ ಕೆರೆದು ಬೆಳ್ಳಿ ಬೆರೆತ ಕಡ್ಡಿಯಿಂದ ಬ್ರೇಜಿಂಗ್ ಮಾಡಿಕೊಟ್ಟರು. ಎರಡನೇ ಪರೀಕ್ಷೆಯಲ್ಲಿ ಎರಡೂಕಾಲು ಬಾರ್‌ನಲ್ಲಿ ಅರ್ಧ ಗಂಟೆ ಮುಳ್ಳು ಅಲುಗಲಿಲ್ಲ.

ಹಾಲಿನ ಕಡೆಯ ಕೆಲಸ

ಸ್ಟೀಮ್ ಪೈಪಿನ ಕಾಯಿಲೆ ಬೇರೆ. ಅಲ್ಲಿ ಸುಣ್ಣವಲ್ಲ, ಹಾಲು ಕಟ್ಟಿಕೊಂಡಿರುತ್ತದೆ. ನೊರೆ ಮಾಡಿದ ಮೇಲೆ ನಲ್ಲಿ ಮುಚ್ಚಿ ಪೈಪನ್ನು ಹಾಲಿನಲ್ಲೇ ಬಿಟ್ಟರೆ ಒಳಗಿನ ಉಗಿ ತಣಿದು ನೀರಾಗಿ, ಅಲ್ಲಿ ನಿರ್ವಾತ ಉಂಟಾಗಿ, ಪೈಪು ಹಾಲನ್ನು ಒಳಕ್ಕೆ ಹೀರಿಕೊಳ್ಳುತ್ತದೆ. ಮುಂದಿನ ಉಗಿಗೆ ಅದು ಒಣಗಿ ಕಲ್ಲಾಗುತ್ತದೆ. ಹೀಗಾಗದಿರಲು ಮೂರು ಅಭ್ಯಾಸ ಸಾಕು. ಜಗ್ಗು ಹಿಡಿಯುವ ಮೊದಲು ಒಂದು ಕ್ಷಣ ಉಗಿ ಹೊರಗೆ ಬಿಡುವುದು. ನೊರೆಯಾದ ಕೂಡಲೇ ಜಗ್ಗು ತೆಗೆದು ಮತ್ತೊಮ್ಮೆ ಬಿಡುವುದು. ಆ ಬಿಸಿಯಲ್ಲೇ ಒದ್ದೆ ಬಟ್ಟೆಯಿಂದ ಪೈಪನ್ನು ಒರೆಸುವುದು. ಆ ಬಟ್ಟೆಯಿಂದ ಮೇಜು, ಕಪ್ಪು ಒರೆಸಬಾರದು. ದಿನದ ಕೊನೆಗೆ ತುದಿಯ ರಂಧ್ರಗಳಿಗೆ ಸೂಜಿ ಹಾಕಿ ನೋಡಿದರೆ ಆಯಿತು.

ಒಂದು ಲೀಟರ್ ಹಾಲನ್ನು 30 ಡಿಗ್ರಿಯಿಂದ 65ಕ್ಕೆ ಏರಿಸಲು ಬೇಕಾಗುವ ಉಗಿ ಸುಮಾರು 60 ಗ್ರಾಂ. 100 ಮಿಲಿಲೀಟರಿನ 500 ಕಪ್ ಎಂದರೆ 50 ಲೀಟರ್ ಹಾಲು, 3 ಲೀಟರ್ ನೀರಿನ ಉಗಿ. ಹೊರಗೆ ಬಿಡುವುದು, ಸೋರುವುದು, ಚಹಾಕ್ಕೆ ಇಳಿಸುವ ಬಿಸಿನೀರು ಎಲ್ಲ ಸೇರಿ ಅದರ ದುಪ್ಪಟ್ಟು ಹಿಡಿಯಬೇಕು. ನಮ್ಮ ಬಾಯ್ಲರ್ 15 ಲೀಟರಿನದು. ಅದರಲ್ಲಿ ಮೂರರಲ್ಲಿ ಎರಡು ಪಾಲು, ಅಂದರೆ 10 ಲೀಟರ್ ನೀರು, ಉಳಿದದ್ದು ಉಗಿಗೆ ಜಾಗ. ಹಾಗಾಗಿ 500 ಕಪ್ಪಿನ ಹೊತ್ತಿಗೆ ನೀರು ತಳ ಹಿಡಿಯುತ್ತದೆ. ನಾವು 300 ಕಪ್ಪಿಗೆ ಒಮ್ಮೆ ನಿಲ್ಲಿಸಿ ತುಂಬುವುದು ಎಂದು ನಿಯಮ ಮಾಡಿಕೊಂಡೆವು. ಗ್ಯಾಸ್ ಆರಿಸಬೇಕು, ಉಗಿ ಪೂರ್ತಿ ಬಿಡಬೇಕು, ಮುಳ್ಳು ಸೊನ್ನೆಗೆ ಬಂದ ಮೇಲೆ ಬಾಯಿ ತೆರೆದು ಬಿಸಿನೀರು ಹಾಕಬೇಕು. ನೀರು ಆರಿ ಕಾದ ಬಾಯ್ಲರಿಗೆ ತಣ್ಣೀರು ಸುರಿಯುವುದು ಬೆಂಕಿಯ ಜೊತೆ ಸರಸ. ಇದಕ್ಕೆಲ್ಲ ಹದಿನೈದು ಇಪ್ಪತ್ತು ನಿಮಿಷ ಕಾಫಿ ನಿಲ್ಲುತ್ತದೆ.

ಈಗ ಬೋರ್‌ವೆಲ್ ನೀರು ಬಾಯ್ಲರಿಗೆ ಬಂದ್. ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ನಾಣ್ಯ ಹಾಕಿ ತಂದ 20 ಲೀಟರಿನ ಒಂದು ಕ್ಯಾನು ಒಂದು ಮದುವೆಗೆ ಸಾಕು. ಕೆಲಸ ಮುಗಿದ ಮೇಲೆ ಉಳಿದ ನೀರನ್ನು ತಣಿಸಿ ಪೂರ್ತಿ ಹೊರಗೆ ಬಿಡುತ್ತೇವೆ. ಸುಣ್ಣ ಕೂರಲು ಅವಕಾಶವೇ ಇಲ್ಲ. ಉಗಿ ಏಳಲು ಈಗ ಇಪ್ಪತ್ತು ನಿಮಿಷ.

'ನೆಟ್ಟಗೈತಿ ಅಂತನ ಉಗಿ ಬಿಡಾಕತ್ತೈತಿ'

ರಿಪೇರಿಯಾದ ಮೇಲಿನ ಮೊದಲ ಮದುವೆಯಲ್ಲಿ ತಾಳಿ ಕಟ್ಟುವ ಹೊತ್ತಿಗೆ ಜನವೆಲ್ಲ ಮಂಟಪದ ಕಡೆ ಹೋಯಿತು. ಕಾಫಿ ಕೇಳುವವರಿಲ್ಲ, ಉರಿ ಮಾತ್ರ ಜೋರಾಗಿತ್ತು. ಒಂದೂವರೆ ಬಾರ್ ಮುಟ್ಟಿದ್ದೇ ವಾಲ್ವ್ ಎದ್ದು 'ಬುಸ್' ಎಂದಿತು. ಹತ್ತಿರ ಇದ್ದವರು ಹೌಹಾರಿದರು. ಹುಡುಗಿಯ ಕಡೆಯ ಹಿರಿಯರೊಬ್ಬರು ಓಡಿ ಬಂದು, 'ಏನ್ರೀ, ಕೆಟ್ಟ ಮಷಿನ್ ತಂದೀರಿ?' ಎಂದು ಗದರಿದರು.

ಮಾಮಾ ಉರಿ ಸಣ್ಣ ಮಾಡಿ, ಅವರಿಗೆ ಕೈ ಮುಗಿದು ಹೇಳಿದರು: 'ಕೆಟ್ಟಿಲ್ರಿ ಯಜಮಾನ್ರ. ನೆಟ್ಟಗೈತಿ ಅಂತನ ಉಗಿ ಬಿಡಾಕತ್ತೈತಿ.'

ಆ ಮದುವೆಯಲ್ಲಿ ನೀರು ತುಂಬಲು ಎರಡು ಸಲ ಕಾಫಿ ನಿಂತಿತು. ಬೈಗುಳವೂ ಬಂತು. ಸೀಜನ್ನಿನಲ್ಲಿ ಒಬ್ಬರು 'ನಿಮ್ಮ ಕಾಫಿ ನಡು ನಡುವ ನಿಂದರತೈತಿ' ಎಂದು ಮುಂಗಡ ವಾಪಸ್ ಕೇಳಿದರು. ಮಾಮಾ ಕೊಟ್ಟುಬಿಟ್ಟರು. ದಿನದ ದುಡಿಮೆ ನಂಬಿದವರಿಗೆ ಅದು ಸಣ್ಣ ಮಾತಲ್ಲ. ಈಗ ಗುತ್ತಿಗೆ ಒಪ್ಪುವಾಗಲೇ 'ಮುನ್ನೂರು ಕಪ್ಪಿಗೊಮ್ಮೆ ಸ್ವಲ್ಪ ಹೊತ್ತು ನಿಲ್ಲತೈತಿ, ಆ ಹೊತ್ತಿಗೆ ಪಾತ್ರೆಯಲ್ಲಿ ಕಾಸಿದ ಚಹಾ ಕೊಡತೀವಿ' ಎಂದು ಹೇಳಿಬಿಡುತ್ತಾರೆ. ಬಹಳ ಜನ ಒಪ್ಪುತ್ತಾರೆ.

ಇನ್‌ಸ್ಪೆಕ್ಟರ್ ಬರುವುದಿಲ್ಲ

ಕಾರ್ಖಾನೆಯ ಬಾಯ್ಲರ್‌ಗಳಿಗೆ ನೋಂದಣಿ, ತಪಾಸಣೆ, ಪ್ರಮಾಣಪತ್ರ ಇವೆ. 1923ರ ಬಾಯ್ಲರ್ ಕಾಯ್ದೆ, ಈಗ ಅದರ ಜಾಗಕ್ಕೆ ಬಂದಿರುವ 2025ರ ಕಾಯ್ದೆ ಅವನ್ನು ನೋಡಿಕೊಳ್ಳುತ್ತವೆ. ಆದರೆ 25 ಲೀಟರಿಗಿಂತ ಕಡಿಮೆ ಹಿಡಿಯುವ ಬಾಯ್ಲರ್ ಈ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ. ನಮ್ಮ 15 ಲೀಟರಿನ ಮಷಿನ್ನನ್ನು ನೋಡಲು ಯಾವ ಅಧಿಕಾರಿಯೂ ಪೆಂಡಾಲಿಗೆ ಬರಬೇಕಾಗಿಲ್ಲ. ನೋಡಬೇಕಾದವರು ನಡೆಸುವವರು, ಕರೆಸುವವರು, ಪಕ್ಕದಲ್ಲಿ ನಿಲ್ಲುವ ನಾವು.

ಹಾಗಾಗಿ ನಿಮ್ಮ ಮನೆಯ ಮದುವೆಗೆ ಕಾಫಿ ಮಷಿನ್ ಬಂದಾಗ, ರುಚಿ ನೋಡುವ ಮೊದಲು ನಾಲ್ಕು ಪ್ರಶ್ನೆ ಕೇಳಿ. ಸೇಫ್ಟಿ ವಾಲ್ವ್ ಎಲ್ಲಿದೆ, ಅದರ ಮೇಲೆ ತಂತಿ, ತೂಕ, ಬಟ್ಟೆ ಏನಾದರೂ ಇದೆಯೇ? ತಣ್ಣಗಿರುವಾಗ ಗೇಜಿನ ಮುಳ್ಳು ಸೊನ್ನೆಯಲ್ಲಿದೆಯೇ? ನೀರಿನ ಮಟ್ಟ ತೋರಿಸುವ ಗಾಜಿನ ನಳಿಕೆಯಲ್ಲಿ ನೀರು ಕಾಣುತ್ತದೆಯೇ? ಮಷಿನ್ ಮತ್ತು ಜನರ ನಡುವೆ ಮೇಜು ಅಡ್ಡ ಇದೆಯೇ, ಗ್ಯಾಸ್ ಸಿಲಿಂಡರ್ ಉರಿಯಿಂದ ದೂರವಿದೆಯೇ? ಎರಡು ನಿಮಿಷದ ಕೆಲಸ. ನಡೆಸುವವರು ಸಿಟ್ಟಾದರೆ ಆಗಲಿ. ಒಳ್ಳೆಯ ಮಷಿನ್ ಇಟ್ಟುಕೊಂಡವರು ಖುಷಿಯಿಂದ ತೋರಿಸುತ್ತಾರೆ.

ಮಷಿನ್ ನಡೆಸುವ ಅಣ್ಣಂದಿರಿಗೂ ಒಂದು ಮಾತು. ಹಳೆಯ ಮಷಿನ್ ಎಂದರೆ ಕೆಟ್ಟ ಮಷಿನ್ ಎಂದಲ್ಲ. ನಟ್ಟು ಬಿಚ್ಚಿದರೆ ಪ್ರತಿ ಭಾಗವೂ ಕೈಗೆ ಬರುತ್ತದೆ, ಪ್ರತಿ ಭಾಗಕ್ಕೂ ನಮ್ಮ ಪೇಟೆಯಲ್ಲೇ ಮದ್ದಿದೆ. ಗೇಜ್, ವಾಲ್ವ್, ಕಲಾಯಿ, ಬೆಸುಗೆ, ಲಿಂಬಿ ಉಪ್ಪು ಎಲ್ಲ ಸೇರಿ ನಮಗೆ ಆದ ಖರ್ಚು ಹೊಸ ಮಷಿನ್ನಿನ ಬೆಲೆಯ ಸಣ್ಣದೊಂದು ಪಾಲು. ವಾಲ್ವ್ ಸೋರಿದರೆ ಅದು ಏನನ್ನೋ ಹೇಳುತ್ತಿದೆ ಎಂದು ತಿಳಿದು ಒಳಗೆ ನೋಡಿ. ಅದರ ಬಾಯಿ ಕಟ್ಟಬೇಡಿ.